ಏನೂ ಇಲ್ಲದ ಜಾಗದಲ್ಲಿ ಅಲೆ ಹೇಗೆ ಹೋಗುತ್ತದೆ? ಗಾಜಿನ ಜಾರ್ ಇಟ್ಟುಕೊಂಡು ನೋಡುವ ಬಗೆ

ನಾನು 26 ವರ್ಷ ಕಾಲೇಜೊಂದರ ಭೌತಶಾಸ್ತ್ರದ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು. ಪಾಠ ಮಾಡುವವಳಲ್ಲ. ಪಂಪಿಗೆ ಎಣ್ಣೆ ಹಾಕುವವಳು, ಜಾರ್ ಒರೆಸಿಡುವವಳು, ಪ್ರಯೋಗ ಕೈಕೊಟ್ಟರೆ ಬೈಸಿಕೊಳ್ಳುವವಳು. ವರ್ಷಕ್ಕೊಮ್ಮೆ ಬೆಲ್ ಜಾರ್ ಪ್ರಯೋಗ ಬರುತ್ತಿತ್ತು. ಗಾಜಿನ ಜಾರಿನೊಳಗೆ ಗಂಟೆ ಇಟ್ಟು ಪಂಪಿನಿಂದ ಗಾಳಿ ತೆಗೆದರೆ ಗಂಟೆ ಕೇಳಿಸಲ್ಲ, ಆದರೆ ಕಾಣಿಸುತ್ತೆ. ಹಾಗಾಗಿ ಶಬ್ದಕ್ಕೆ ಮಾಧ್ಯಮ, ಅಂದರೆ ಅದನ್ನು ದಾಟಿಸುವ ವಸ್ತು ಬೇಕು, ಬೆಳಕಿಗೆ ಬೇಡ. ಬರ್ಕೊಳ್ಳಿ, ಮುಗೀತು.

ಒಂದು ವರ್ಷ ಎಲ್ಲರೂ ಹೋದ ಮೇಲೆ ಹುಡುಗಿಯೊಬ್ಬಳು ಉಳಿದುಕೊಂಡಳು. ನಾನು ಜಾರಿನ ಅಂಚಿನ ಗ್ರೀಸ್ ಒರೆಸುತ್ತಿದ್ದೆ. "ಮೇಡಂ, ಅಲೆ ಅಂದ್ರೆ ಏನಾದ್ರೂ ಅಲುಗಾಡಬೇಕು ಅಲ್ವಾ? ಒಳಗೆ ಏನೂ ಇಲ್ಲ ಅಂದ್ಮೇಲೆ, ಬೆಳಕು ಬರುವಾಗ ಅಲುಗಾಡೋದು ಏನು?" ಅಂದಳು. "ನಾಳೆ ಸರ್‌ನ ಕೇಳಮ್ಮ" ಅಂದುಬಿಟ್ಟೆ. ಆಮೇಲೆ ರಾತ್ರಿಯೆಲ್ಲ ಅದೇ ಯೋಚನೆ. ಅಷ್ಟು ವರ್ಷ ಆ ಪ್ರಯೋಗ ಹೂಡಿದ್ದೆ, ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ.

ಅವಳಿಗೆ ಹೇಳಬೇಕಿದ್ದ ಉತ್ತರವನ್ನು ಇಲ್ಲಿ ಹೇಳುತ್ತೇನೆ, ಮಾಡಿ ನೋಡುವ ಕ್ರಮದಲ್ಲಿ. ಶುರು ಮಾಡುವ ಮೊದಲು ಒಂದು ಪದ ಬದಲಾಯಿಸಿಕೊಳ್ಳಿ. "ಅಲುಗಾಡೋದು ಏನು" ಅಂತ ಕೇಳಬೇಡಿ, "ಬದಲಾಗೋದು ಏನು" ಅಂತ ಕೇಳಿ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ: ಆ ಬದಲಾಗುವ ಸಂಗತಿ ಇರೋಕೆ ವಸ್ತು ಬೇಕಾ? ಯಾವ ಅಲೆ ಸಿಕ್ಕರೂ ಈ ಎರಡು ಪ್ರಶ್ನೆ ಕೇಳಿದರೆ ಅದು ನಿರ್ವಾತ, ಅಂದರೆ ಗಾಳಿಯೂ ಇಲ್ಲದ ಖಾಲಿ ಜಾಗ, ದಾಟುತ್ತೋ ಇಲ್ಲವೋ ಗೊತ್ತಾಗುತ್ತದೆ.

ಜಾರ್ ಹೂಡುವುದು

ಬೇಕಾಗುವುದು ಬೆಲ್ ಜಾರ್, ಅದರ ಪ್ಲೇಟು, ರೋಟರಿ ಪಂಪು, ಒಂದು ಒತ್ತಡದ ಗೇಜು. ಗಂಟೆಯ ಬದಲು ಬ್ಯಾಟರಿಯ ವೈರ್‌ಲೆಸ್ ಕಾಲಿಂಗ್ ಬೆಲ್ ತಗೊಳ್ಳಿ. ಗುಂಡಿ ಒತ್ತಿದರೆ ಸದ್ದಾಗಬೇಕು, ಜೊತೆಗೆ ಎಲ್‌ಇಡಿ ದೀಪವೂ ಮಿನುಗಬೇಕು. ಇದನ್ನೇ ಯಾಕೆ ಅಂದರೆ, ಒಂದೇ ಡಬ್ಬಿಯಲ್ಲಿ ಮೂರು ಅಲೆ ಸಿಗುತ್ತವೆ. ಗುಂಡಿಯಿಂದ ರೇಡಿಯೊ ಅಲೆ ಒಳಗೆ ಹೋಗುತ್ತದೆ. ಒಳಗಿಂದ ಬೆಳಕು ಹೊರಗೆ ಬರುತ್ತದೆ. ಶಬ್ದವೂ ಬರಲು ನೋಡುತ್ತದೆ.

ಮೊಬೈಲ್ ಫೋನ್ ಒಳಗಿಟ್ಟು ಕರೆ ಮಾಡಿದರಾಯಿತು ಅಂತ ಅನೇಕರು ಹೇಳುತ್ತಾರೆ. ಬೇಡ. ನನ್ನದೊಂದು ಹಳೇ ಫೋನ್ ಹಾಗೇ ಹಾಳಾಯಿತು. ಸುತ್ತಲಿನ ಗಾಳಿಯ ಒತ್ತಡ ಹೋದ ಕೂಡಲೇ ಅದರ ಚಪ್ಪಟೆ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎದ್ದು ನಿಂತಿತ್ತು. ಲಿಥಿಯಂ ಬ್ಯಾಟರಿ ಉಬ್ಬುವುದು ಹುಡುಗಾಟವಲ್ಲ. ಲೋಹದ ಕವಚವಿರುವ ಮಾಮೂಲಿ ಪೆನ್ಸಿಲ್ ಸೆಲ್ಲಿಗೆ ಈ ತೊಂದರೆ ಕಡಿಮೆ.

ಕಾಲಿಂಗ್ ಬೆಲ್ಲನ್ನು ನೇರವಾಗಿ ಪ್ಲೇಟಿನ ಮೇಲೆ ಇಡಬಾರದು. ಮೊದಲ ಸಲ ನಾನು ಹಾಗೆ ಇಟ್ಟು, ಎಷ್ಟು ಹೊತ್ತು ಪಂಪು ಓಡಿಸಿದರೂ ಸದ್ದು ಕೇಳಿಸುತ್ತಲೇ ಇತ್ತು. ಪಂಪು ಸರಿಯಿಲ್ಲ ಅಂತ ಬಿಚ್ಚಿ ಹರವಿದೆ. ಸುಮ್ನೆ ಒಂದು ದಿನ ಹಾಳು. ಗಾಳಿ ಹೋಗಿತ್ತು, ಆದರೆ ಶಬ್ದ ಪ್ಲೇಟಿನ ಮೂಲಕ ಆರಾಮಾಗಿ ಹೊರಗೆ ಬರುತ್ತಿತ್ತು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಉಕ್ಕಿನಲ್ಲಿ 5,000 ಮೀಟರಿಗೂ ಜಾಸ್ತಿ. ದಪ್ಪ ಮೆತ್ತನೆಯ ಸ್ಪಂಜಿನ ಮೇಲೆ ಇಡಿ. ದಾರದಿಂದ ತೂಗುಹಾಕಿದರೆ ಇನ್ನೂ ಒಳ್ಳೆಯದು. 1660ರಲ್ಲಿ ರಾಬರ್ಟ್ ಬಾಯ್ಲ್ ತಮ್ಮ ಪಂಪಿನ ಗಾಜಿನ ಬುರುಡೆಯೊಳಗೆ ಗಡಿಯಾರವನ್ನು ದಾರದಲ್ಲೇ ತೂಗಿಬಿಟ್ಟಿದ್ದರು.

ಜಾರಿಗೆ ಬಿರುಕಿದ್ದರೆ ಅವತ್ತು ಪ್ರಯೋಗ ಇಲ್ಲ, ಅಷ್ಟೇ. 20 ಸೆಂಟಿಮೀಟರ್ ಅಗಲದ ಬಾಯಿಯ ಜಾರನ್ನು ಹೊರಗಿನ ಗಾಳಿ ಪ್ಲೇಟಿಗೆ ಒತ್ತಿಹಿಡಿಯುವ ಬಲ 320 ಕಿಲೋ ತೂಕಕ್ಕೆ ಸಮ. ಸೀಸೆ, ಬಾಟಲಿಗೆಲ್ಲ ಪಂಪು ಹಚ್ಚಬೇಡಿ. ಕಣ್ಣಿಗೆ ಕನ್ನಡಕ ಇರಲಿ, ಜಾರಿನ ಸುತ್ತ ತಡೆ ಇರಲಿ.

ತಡೆ ಅಂದಾಗ ನೆನಪಾಯಿತು. ನಮ್ಮ ಲ್ಯಾಬ್‌ನಲ್ಲಿ ಜಾರಿನ ಮೇಲೆ ಮುಚ್ಚಲು ತಂತಿಬಲೆಯ ಪಂಜರ ಇತ್ತು. ಅದನ್ನು ಹಾಕಿ ಗುಂಡಿ ಒತ್ತಿದರೆ ಬೆಲ್ ಸತ್ತಂತೆ ಕೂತಿತ್ತು. ಸೆಲ್ ಬದಲಾಯಿಸಿದೆ, ಗುಂಡಿ ಬದಲಾಯಿಸಿದೆ. ಪಂಜರ ಎತ್ತಿದೆ, ಹೊಡೆದುಕೊಂಡಿತು. ಇಂಥ ಬೆಲ್ಲುಗಳಲ್ಲಿ ಹಲವು 433 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತವೆ. ಆ ರೇಡಿಯೊ ಅಲೆಯ ಉದ್ದ ಸುಮಾರು 69 ಸೆಂಟಿಮೀಟರ್. ಬಲೆಯ ತೂತು ಅದಕ್ಕೆ ತೀರಾ ಚಿಕ್ಕದು. ಬೆಳಕಿನ ಅಲೆಯ ಉದ್ದವೋ, ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅದೇ ತೂತಿನಲ್ಲಿ ಬೆಳಕು ಸರಾಗವಾಗಿ ಬರುತ್ತದೆ. ಎರಡೂ ಒಂದೇ ಜಾತಿಯ ಅಲೆ, ಉದ್ದದಲ್ಲಷ್ಟೇ ವ್ಯತ್ಯಾಸ. ಈ ಎಡವಟ್ಟನ್ನು ಆಮೇಲೆ ನಾನು ಬೇಕಂತಲೇ ಮಾಡಿ ತೋರಿಸುತ್ತಿದ್ದೆ. ನಿಜವಾದ ಪ್ರಯೋಗಕ್ಕೆ ದಪ್ಪ ಪ್ಲಾಸ್ಟಿಕ್ಕಿನ ಪಾರದರ್ಶಕ ತಡೆ ಇಡಿ.

ಈಗ ಪಂಪು ಹಾಕಿ. ಯಾರಾದರೂ ಗುಂಡಿ ಒತ್ತುತ್ತಲೇ ಇರಲಿ. ಪಂಪಿನ ಗಲಾಟೆಯಲ್ಲಿ ಏನೂ ತಿಳಿಯಲ್ಲ, ಹಾಗಾಗಿ ಒಂದೆರಡು ನಿಮಿಷ ಬಿಟ್ಟು ಜಾರಿನ ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿ ಕೇಳಿ. ದೀಪ ಮೊದಲಿನಷ್ಟೇ ಜೋರಾಗಿ ಮಿನುಗುತ್ತದೆ. ಸದ್ದು ಮಾತ್ರ ಪಕ್ಕದ ಮನೆಯದೇನೋ ಅನ್ನುವಷ್ಟು ಸಣ್ಣಗಾಗಿರುತ್ತದೆ, ಅಥವಾ ಇರುವುದೇ ಇಲ್ಲ.

ಜಾರ್ ಹೇಳುವ ಅರ್ಧ ಸುಳ್ಳು

ಇಲ್ಲಿಗೆ ನಿಲ್ಲಿಸಿದರೆ ಪಠ್ಯಪುಸ್ತಕದ ಉತ್ತರ ಬಂತು. ಆದರೆ ಗೇಜು ನೋಡಿ. ಹಳೇ ಪಂಪು, ಹಳೇ ಗ್ಯಾಸ್ಕೆಟ್ಟಿನಲ್ಲಿ ಒತ್ತಡ ಹೆಚ್ಚೆಂದರೆ ಸಾವಿರದ ಒಂದು ಪಾಲಿಗೆ ಇಳಿದಿರುತ್ತದೆ. ಅಂದರೆ ಒಂದು ಘನ ಸೆಂಟಿಮೀಟರಿನಲ್ಲಿ ಇನ್ನೂ ಸುಮಾರು 25,000 ಲಕ್ಷ ಕೋಟಿ ಅಣುಗಳಿವೆ. ಇದನ್ನು "ಏನೂ ಇಲ್ಲ" ಅನ್ನೋಕಾಗುತ್ತಾ?

ಅಷ್ಟು ತೆಳು ಗಾಳಿಯಲ್ಲೂ ಶಬ್ದ ಹೋಗಬಲ್ಲದು. ವೇಗವೂ ಹೆಚ್ಚುಕಡಿಮೆ ಅದೇ, ಯಾಕೆಂದರೆ ಗಾಳಿಯಲ್ಲಿ ಶಬ್ದದ ವೇಗ ತಾಪದ ಮೇಲೆ ನಿಂತಿದೆ, ಒತ್ತಡದ ಮೇಲಲ್ಲ. ಮತ್ತೆ ಸದ್ದು ಎಲ್ಲಿ ಹೋಯಿತು? ತೆಳು ಗಾಳಿಯನ್ನು ತಳ್ಳೋಕೆ ಬೆಲ್ಲಿಗೆ ಹಿಡಿತವೇ ಸಿಗುವುದಿಲ್ಲ. ಸಿಕ್ಕಿದ ಅಲ್ಪಸ್ವಲ್ಪ ತಳ್ಳಾಟ ದಪ್ಪ ಗಾಜನ್ನು ಅಲುಗಿಸಲು ಸಾಲದು. ಎರಡೂ ಕಡೆ ಸೋಲು. ನನ್ನ ಮಟ್ಟಿಗೆ, ಜಾರ್ ಪ್ರಯೋಗದಲ್ಲಿ ನಿಜವಾಗಿ ಕಾಣುವುದು ಶಬ್ದ ಯಾವ ಕಡೆಗೆ ಸೊರಗುತ್ತಿದೆ ಅನ್ನುವುದು. ಪೂರ್ತಿ ಸಾಯುವುದನ್ನು ಯೋಚಿಸಿಯೇ ತಿಳಿಯಬೇಕು.

ನಮ್ಮ ಪ್ರಶ್ನೆ ಹಾಕಿ ನೋಡಿ. ಶಬ್ದದಲ್ಲಿ ಬದಲಾಗುವುದು ಏನು? ಅಣುಗಳ ಒತ್ತೊತ್ತು. ಇಲ್ಲಿ ದಟ್ಟ, ಅಲ್ಲಿ ವಿರಳ. ಒಂದು ಅಣು ಪಕ್ಕದ್ದಕ್ಕೆ ಗುದ್ದಿ ಸುದ್ದಿ ದಾಟಿಸುತ್ತದೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಒಂದು ಗುದ್ದಿನಿಂದ ಇನ್ನೊಂದು ಗುದ್ದಿಗೆ ಅಣು ಓಡುವ ದೂರ ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲಿಗೂ ಕಡಿಮೆ. ಜಾರಿನ ತೆಳು ಗಾಳಿಯಲ್ಲಿ ಅದು ಸಾವಿರ ಪಟ್ಟಾಗುತ್ತದೆ, ಆದರೂ ಒಂದು ಮಿಲಿಮೀಟರಿಗಿಂತ ಚಿಕ್ಕದೇ. ಭೂಮಿಯ ಹತ್ತಿರದ ಬಾಹ್ಯಾಕಾಶದಲ್ಲಿ ಸೂರ್ಯನಿಂದ ಬೀಸುವ ಕಣಗಳು ಒಂದು ಘನ ಸೆಂಟಿಮೀಟರಿಗೆ ಬೆರಳೆಣಿಕೆಯಷ್ಟು. ಗುದ್ದಲು ಪಕ್ಕದವರೇ ಇಲ್ಲ. ಅಣುವೇ ಇಲ್ಲದ ಕಡೆ ಅಣುಗಳ ಒತ್ತೊತ್ತು ಅನ್ನುವ ಮಾತಿಗೆ ಅರ್ಥವಿಲ್ಲ. ಎರಡನೇ ಪ್ರಶ್ನೆಗೆ ಉತ್ತರ: ಹೌದು, ಬೇಕು.

ನೀರಿನ ಅಲೆ, ಹಗ್ಗದ ಅಲೆ, ಭೂಕಂಪದ ಅಲೆ ಎಲ್ಲಾ ಇದೇ ಸಾಲಿಗೆ. ಚಂದ್ರನ ಮೇಲೆ ಗಾಳಿಯಿಲ್ಲ, ಆದರೆ ನೆಲ ಇದೆ. ಅಪೊಲೊ ಯಾತ್ರಿಗಳು ಇಟ್ಟು ಬಂದ ಕಂಪನಮಾಪಕಗಳು ಚಂದ್ರನ ನಡುಕವನ್ನು ವರ್ಷಗಟ್ಟಲೆ ದಾಖಲಿಸಿದವು.

ಈಗ ದಿಕ್ಸೂಚಿ

ಅವಳ ಪ್ರಶ್ನೆಯ ಜೀವ ಇರುವುದು ಇಲ್ಲಿ. ಬೆಲ್ ತೆಗೆದು ದಿಕ್ಸೂಚಿ ಇಡಿ. ದ್ರವ ತುಂಬಿದ್ದು ಬೇಡ, ನಿರ್ವಾತದಲ್ಲಿ ಸೋರೀತು. ಪ್ಲೇಟು ಕಬ್ಬಿಣದ್ದಾಗಿದ್ದರೆ ಮುಳ್ಳು ಅದರ ಕಡೆಗೇ ಎಳೆಯುತ್ತದೆ, ಅಲ್ಯೂಮಿನಿಯಂ ಆದರೆ ಸರಿ. ಗಾಳಿ ತೆಗೆಯಿರಿ. ಹೊರಗಿನಿಂದ ಆಯಸ್ಕಾಂತ ಹತ್ತಿರ ತನ್ನಿ.

ಮುಳ್ಳು ತಿರುಗುತ್ತದೆ. ಗಾಳಿ ಇದ್ದಾಗ ಎಷ್ಟು ತಿರುಗಿತ್ತೋ ಅಷ್ಟೇ.

ಇದನ್ನು ನೋಡಿ "ಇದ್ರಲ್ಲೇನಿದೆ" ಅಂದುಕೊಳ್ಳುವವರು ಜಾಸ್ತಿ. ಸ್ವಲ್ಪ ನಿಲ್ಲಿ. ಜಾರಿನೊಳಗೆ ಗುದ್ದಲು ಅಣುಗಳು ಸಾವಿರದ ಒಂದು ಪಾಲಷ್ಟೇ ಉಳಿದಿವೆ, ಹಗ್ಗವಿಲ್ಲ. ಆದರೂ ಆಯಸ್ಕಾಂತ ಅಲ್ಲಿದೆ ಅನ್ನುವುದು ಮುಳ್ಳಿಗೆ ತಿಳಿಯಿತು. ಅಂದರೆ ಖಾಲಿ ಜಾಗದ ಒಂದೊಂದು ಬಿಂದುವಿಗೂ ಒಂದು ಗುಣ ಇದೆ: ಇಲ್ಲಿ ಮುಳ್ಳು ಇಟ್ಟರೆ ಯಾವ ಕಡೆಗೆ, ಎಷ್ಟು ಜೋರಾಗಿ ತಿರುಗುತ್ತದೆ ಅನ್ನುವುದು. ಇದನ್ನೇ ಕಾಂತಕ್ಷೇತ್ರ ಅನ್ನುತ್ತಾರೆ. ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಎಳೆಯುವುದು ವಿದ್ಯುತ್ ಕ್ಷೇತ್ರದಿಂದ. ಎರಡಕ್ಕೂ ಇರಲು ವಸ್ತು ಬೇಡ.

ಇನ್ನು ಆಯಸ್ಕಾಂತವನ್ನು ಆಚೀಚೆ ಆಡಿಸಿ. ಮುಳ್ಳೂ ಆಡುತ್ತದೆ. ಕ್ಷೇತ್ರ ಬದಲಾಗುತ್ತಿದೆ, ಆ ಬದಲಾವಣೆ ಖಾಲಿ ಜಾಗ ದಾಟಿ ಒಳಗೆ ಬರುತ್ತಿದೆ. ಅದು ತಟ್ಟನೆ ಬಂದಂತೆ ಕಾಣುತ್ತದೆ, ಆದರೆ ತಟ್ಟನೆ ಅಲ್ಲ. ಸ್ವಲ್ಪವೇ ಸ್ವಲ್ಪ ಹೊತ್ತು ಬೇಕು. ಬದಲಾಗುವ ಕಾಂತಕ್ಷೇತ್ರ ವಿದ್ಯುತ್ ಕ್ಷೇತ್ರವನ್ನು ಎಬ್ಬಿಸುತ್ತದೆ, ಬದಲಾಗುವ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರವನ್ನು. ಜೋಡಿಯಾಗಿ ಹೊರಟ ಈ ಬದಲಾವಣೆಯೇ ವಿದ್ಯುತ್ಕಾಂತೀಯ ಅಲೆ. ಕೈಯಲ್ಲಿ ಆಡಿಸಿದ್ದು ತೀರಾ ನಿಧಾನ, ಅಲೆಯಾಗಿ ಹೊರಡುವ ಶಕ್ತಿ ಲೆಕ್ಕಕ್ಕೇ ಬರಲ್ಲ. ಸೆಕೆಂಡಿಗೆ 10 ಕೋಟಿ ಸಲ ಆಡಿಸಿದರೆ ಎಫ್‌ಎಂ ರೇಡಿಯೊದ ಅಲೆ, 3 ಮೀಟರ್ ಉದ್ದದ್ದು. ಐದಾರು ನೂರು ಲಕ್ಷ ಕೋಟಿ ಸಲ ಆದರೆ ಕಣ್ಣಿಗೆ ಕಾಣುವ ಬೆಳಕು. ಶಾಖದ ಕಿರಣ, ಎಕ್ಸ್-ರೇ, ಗಾಮಾ ಎಲ್ಲಾ ಇದೇ ಮನೆಯ ಮಕ್ಕಳು. ನಿರ್ವಾತದಲ್ಲಿ ಎಲ್ಲರದೂ ಒಂದೇ ವೇಗ.

ವೇಗ ಎಷ್ಟು? ಕ್ಯಾಲ್ಕುಲೇಟರ್ ತಗೊಳ್ಳಿ, ನೀವೇ ಕಂಡುಹಿಡಿಯಬಹುದು. ತಂತಿಗಳ ನಡುವಿನ ಕಾಂತಬಲದಿಂದ ಸಿಗುವ ಒಂದು ಸಂಖ್ಯೆ ಇದೆ: 1.2566, ಹತ್ತು ಲಕ್ಷದಲ್ಲೊಂದು ಭಾಗದ ಲೆಕ್ಕದಲ್ಲಿ. ವಿದ್ಯುದಂಶ ಕೂಡಿಡುವ ತಗಡುಗಳನ್ನು ಅಳೆದರೆ ಸಿಗುವ ಇನ್ನೊಂದು: 8.854, ಲಕ್ಷ ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ. ಗುಣಿಸಿ, 11.126 ಬರುತ್ತದೆ. ವರ್ಗಮೂಲ ತೆಗೆಯಿರಿ, 3.3356. ಒಂದನ್ನು ಅದರಿಂದ ಭಾಗಿಸಿ, 0.2998. ಸೊನ್ನೆಗಳ ಲೆಕ್ಕ: 6 ಮತ್ತು 12 ಸೇರಿ 18, ವರ್ಗಮೂಲದಲ್ಲಿ 9. ಅಂದರೆ 100 ಕೋಟಿಯಿಂದ ಗುಣಿಸಬೇಕು. ಸೆಕೆಂಡಿಗೆ 29.98 ಕೋಟಿ ಮೀಟರ್. ದೀಪ ಹಚ್ಚದೆ, ಕನ್ನಡಿ ಹಿಡಿಯದೆ ಬೆಳಕಿನ ವೇಗ ಸಿಕ್ಕಿತು!

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1860ರ ದಶಕದಲ್ಲಿ ಕಂಡದ್ದು ಇದನ್ನೇ. ವೆಬರ್ ಮತ್ತು ಕೊಲ್‌ರೌಷ್ 1856ರಲ್ಲಿ ಬರೀ ವಿದ್ಯುತ್ ಅಳತೆಯಿಂದ ಪಡೆದ ವೇಗ ಸೆಕೆಂಡಿಗೆ 3,10,740 ಕಿಲೋಮೀಟರ್. ಫಿಜೋ 1849ರಲ್ಲಿ ಹಲ್ಲುಚಕ್ರ ತಿರುಗಿಸಿ ಅಳೆದ ಬೆಳಕಿನ ವೇಗ 3,14,858. ಎರಡೂ ಅಷ್ಟು ಹತ್ತಿರ ಇರುವುದು ಕಾಕತಾಳೀಯ ಆಗಲಾರದು, ಬೆಳಕು ಅಂದರೇ ಕ್ಷೇತ್ರಗಳ ಅಲೆ ಅಂತ ಅವರು ತೀರ್ಮಾನಿಸಿದರು. 1887–88ರಲ್ಲಿ ಹರ್ಟ್ಸ್ ಕಿಡಿ ಹಾರಿಸಿ ಅಂಥ ಅಲೆಯನ್ನು ಮಾಡಿಯೇ ತೋರಿಸಿದರು. ಈಗ ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರ್ ಅಂತ ನಿಗದಿಯಾಗಿದೆ. 1983ರಿಂದ ಮೀಟರಿನ ಅಳತೆಯೇ ಇದರ ಮೇಲೆ ನಿಂತಿದೆ.

ನನಗೆ ಸಮಾಧಾನ ಕೊಟ್ಟ ಸಂಗತಿ ಇನ್ನೊಂದಿದೆ. ಅಷ್ಟೆಲ್ಲ ಲೆಕ್ಕ ಹಾಕಿದ ಮೇಲೂ ಆ ಕಾಲದ ದೊಡ್ಡವರಿಗೆ ಇದ್ದದ್ದು ನಮ್ಮ ಹುಡುಗಿಯ ಅನುಮಾನವೇ. ಏನೋ ಅಲುಗಾಡಲೇಬೇಕು ಅಂತ ಈಥರ್ ಎಂಬ ಕಾಣದ ವಸ್ತುವನ್ನು ಜಗತ್ತಿಗೆಲ್ಲ ತುಂಬಿದ್ದರು. 1887ರಲ್ಲಿ ಮೈಕಲ್‌ಸನ್ ಮತ್ತು ಮಾರ್ಲಿ ಹುಡುಕಿದರು, ಸುಳಿವು ಸಿಗಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಅದರ ಅಗತ್ಯವೇ ಇಲ್ಲ ಅಂದರು.

ಒಂದು ಎಚ್ಚರಿಕೆ. ಪುಸ್ತಕದಲ್ಲಿ ಬೆಳಕನ್ನು ಹಾವಿನಂತೆ ಡೊಂಕು ಗೆರೆಯಲ್ಲಿ ಬರೆದಿರುತ್ತಾರೆ. ಬೆಳಕು ಹಾಗೆ ಓಲಾಡಿಕೊಂಡು ಹೋಗುವುದಿಲ್ಲ. ಅದು ಗ್ರಾಫ್. ಗೆರೆ ಮೇಲಿದ್ದರೆ ಆ ಬಿಂದುವಿನಲ್ಲಿ ಕ್ಷೇತ್ರ ಜೋರಾಗಿದೆ ಅಂತ, ಕೆಳಗಿದ್ದರೆ ತಿರುಗುಮುರುಗಾಗಿದೆ ಅಂತ. ಇದೊಂದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ.

ಪಂಪು ಇಲ್ಲದವರು ಬಿಸಿನೀರಿನ ಫ್ಲಾಸ್ಕ್ ನೋಡಿ. ಎರಡು ಗೋಡೆಗಳ ನಡುವೆ ನಿರ್ವಾತ. ಗಾಳಿ ಇಲ್ಲದ್ದರಿಂದ ಶಾಖ ಅಣುವಿನಿಂದ ಅಣುವಿಗೆ ದಾಟುವಂತಿಲ್ಲ. ಹಾಗಿದ್ದರೆ ಗಾಜಿನ ಫ್ಲಾಸ್ಕಿನ ಗೋಡೆಗೆ ಕನ್ನಡಿಯಂತೆ ಬೆಳ್ಳಿ ಲೇಪ ಯಾಕೆ? ಶಾಖದ ಕಿರಣ ನಿರ್ವಾತವನ್ನು ಕ್ಯಾರೇ ಅನ್ನದೆ ದಾಟಿಬಿಡುತ್ತದೆ. ಅದನ್ನು ವಾಪಸ್ ಕಳಿಸೋಕೆ ಕನ್ನಡಿ ಬೇಕು. ಸೂರ್ಯನ ಬಿಸಿಲು 15 ಕೋಟಿ ಕಿಲೋಮೀಟರ್ ದಾಟಿ 8 ನಿಮಿಷ 20 ಸೆಕೆಂಡಿಗೆ ನಮ್ಮ ಮೈ ಮುಟ್ಟುವುದೂ ಹೀಗೇ.

ವಸ್ತು ಅಡ್ಡ ಬಂದರೆ ಬೆಳಕಿಗೆ ಕಿರಿಕಿರಿ. ಗಾಜಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಶಬ್ದಕ್ಕೆ ವಸ್ತುವೇ ದಾರಿ, ಬೆಳಕಿಗೆ ಅದು ದಾರಿಯ ಉಬ್ಬು. ಖಾಲಿ ಜಾಗದಲ್ಲಿ ಅಲೆ ಸವೆಯುವುದೂ ಇಲ್ಲ, ಹರಡಿಕೊಳ್ಳುತ್ತದೆ ಅಷ್ಟೇ. ದೂರ ಎರಡರಷ್ಟಾದರೆ ತೀವ್ರತೆ ಕಾಲು ಪಾಲು. 1977ರಲ್ಲಿ ಹೊರಟ ವಾಯೇಜರ್-1 ಕೆಲವೇ ಹತ್ತು ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಇವತ್ತಿಗೂ ನಮಗೆ ಕೇಳಿಸುತ್ತಿದೆ. ಅದರ ಸುದ್ದಿ ಬರಲು 22 ಗಂಟೆಗೂ ಜಾಸ್ತಿ ಹಿಡಿಯುತ್ತದೆ.

ಗ್ಯಾಸ್ಕೆಟ್ಟಿನಲ್ಲಿ ಗುರುತ್ವದ ಅಲೆ

ಇದಕ್ಕೆ ಜಾರ್ ಬೇಡ. ಹಳೇ ರಬ್ಬರ್ ಗ್ಯಾಸ್ಕೆಟ್ ಅಥವಾ ಮೆತ್ತನೆಯ ಯಾವುದಾದರೂ ಬಳೆಯಾಕಾರದ್ದು ಸಾಕು. ಮೇಲೆ ಕೆಳಗೆ ಒತ್ತಿ, ಅಗಲವಾಗುತ್ತದೆ. ಪಕ್ಕಗಳನ್ನು ಒತ್ತಿ, ಉದ್ದವಾಗುತ್ತದೆ. ಒಂದಾದ ಮೇಲೊಂದು ಮಾಡುತ್ತಾ ಹೋಗಿ. ಗುರುತ್ವದ ಅಲೆ ನಿಮ್ಮ ಎದುರಿನಿಂದ ಬಂದು ಹಾದುಹೋದರೆ ಹೀಗೇ ಆಗುತ್ತದೆ, ಆದರೆ ಹಿಗ್ಗಿ ಕುಗ್ಗುವುದು ಜಾಗವೇ.

ಬದಲಾಗುವುದು ಏನು ಅಂದರೆ, ದೂರ. ವಸ್ತು ಬೇಕಾ? ಬೇಡ. ಆ ಹುಡುಗಿಗೆ ಇಲ್ಲಿ ನೇರ ಉತ್ತರ ಇದೆ: ಅಲುಗಾಡುವುದು ಆ ಖಾಲಿ ಜಾಗವೇ ಕಣಮ್ಮ.

ಐನ್‌ಸ್ಟೈನ್ 1916ರಲ್ಲಿ ಇಂಥ ಅಲೆ ಇರಬೇಕು ಅಂದರು. ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು, ಅಮೆರಿಕದ ಲೈಗೊ ವೀಕ್ಷಣಾಲಯಗಳಲ್ಲಿ. ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಸೇರಿಕೊಂಡಿದ್ದವು. ಮೂರು ಸೂರ್ಯರಷ್ಟು ದ್ರವ್ಯ ಅಲೆಯ ಶಕ್ತಿಯಾಗಿ ಹೊರಟಿತ್ತು. ಇಲ್ಲಿಗೆ ಬರುವ ಹೊತ್ತಿಗೆ 4 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಆದ ವ್ಯತ್ಯಾಸ ಪ್ರೋಟಾನಿನ ಅಗಲಕ್ಕಿಂತ ನೂರಾರು ಪಟ್ಟು ಚಿಕ್ಕದು. ಆ ಕೊಳವೆಗಳ ಒಳಗೂ ನಿರ್ವಾತವೇ. ಅಷ್ಟುದ್ದದ ಕೊಳವೆಯಿಂದ ಗಾಳಿ ತೆಗೆದವರಿಗೆ ನನ್ನ ನಮಸ್ಕಾರ; ನಮ್ಮ ಒಂದು ಜಾರಿಗೇ ಅಷ್ಟು ಪಾಡು.

ಗುರುತ್ವದ ಅಲೆಯದೂ ಬೆಳಕಿನ ವೇಗವೇ ಅನ್ನುವುದಕ್ಕೆ ಸಾಕ್ಷಿ 2017ರ ಆಗಸ್ಟ್ 17ರಂದು ಬಂತು. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಯಾದವು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ. ಗುರುತ್ವದ ಅಲೆ ಬಂತು. 1.7 ಸೆಕೆಂಡ್ ಕಳೆದು ಗಾಮಾ ಕಿರಣ ಬಂತು. 13 ಕೋಟಿ ವರ್ಷದ ಓಟದಲ್ಲಿ ಎರಡು ಸೆಕೆಂಡೂ ಅಂತರವಿಲ್ಲ. ಆ ಅಂತರವೂ ಗಾಮಾ ಕಿರಣ ಹೊರಡುವಾಗಲೇ ತಡವಾಗಿದ್ದರಿಂದ ಇರಬಹುದು.

ಎಲೆಕ್ಟ್ರಾನಿನಂಥ ಕಣಗಳೂ ಅಲೆಯಂತೆ ನಡೆದುಕೊಳ್ಳುತ್ತವೆ. 1927ರಲ್ಲಿ ಅದು ಪ್ರಯೋಗದಲ್ಲಿ ಕಂಡಿತು. ಅಲ್ಲಿ ಬದಲಾಗುವುದು, ಕಣ ಎಲ್ಲಿ ಸಿಕ್ಕೀತು ಅನ್ನುವ ಲೆಕ್ಕಾಚಾರ. ಗಾಳಿ ಇದ್ದರೆ ಅದಕ್ಕೆ ತೊಂದರೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೂ ಒಂದು ಪಂಪು ಬೇಕಾಗುವುದು ಅದಕ್ಕೇ.

ಬಾಹ್ಯಾಕಾಶ ಪೂರ್ತಿ ಖಾಲಿಯಾ?

ಅಲ್ಲ. ಅದನ್ನೂ ಅಲೆಗಳೇ ಹೇಳುತ್ತವೆ. ಪಲ್ಸಾರ್ ಎಂಬ ಬಗೆಯ ನಕ್ಷತ್ರದಿಂದ ಬರುವ ರೇಡಿಯೊ ಮಿಡಿತವನ್ನು ಬೇರೆ ಬೇರೆ ಆವರ್ತನದಲ್ಲಿ (ಸೆಕೆಂಡಿಗೆ ಎಷ್ಟು ಸಲ ಆಡುತ್ತದೆ ಅನ್ನುವ ಲೆಕ್ಕ) ಹಿಡಿದರೆ, ಹೆಚ್ಚಿನ ಆವರ್ತನದ್ದು ಮೊದಲು ಬರುತ್ತದೆ, ಕಡಿಮೆಯದ್ದು ಹಿಂದೆ ಬೀಳುತ್ತದೆ. ಪೂರಾ ನಿರ್ವಾತವಾಗಿದ್ದರೆ ಎಲ್ಲಾ ಒಟ್ಟಿಗೇ ಬರಬೇಕಿತ್ತು. ದಾರಿಯಲ್ಲಿ ಚೆದುರಿದ ಎಲೆಕ್ಟ್ರಾನುಗಳು ಅಡ್ಡ ಬಂದಿವೆ. ಎಷ್ಟು ತಡ ಅನ್ನುವುದರಿಂದ ಎಷ್ಟು ಎಲೆಕ್ಟ್ರಾನ್ ಅಂತ ಎಣಿಸಬಹುದು.

ಶಬ್ದವೂ ಎಲ್ಲೋ ಒಂದು ಕಡೆ ಬದುಕಿದೆ. ಪರ್ಸಿಯಸ್ ಗೆಲಾಕ್ಸಿ ಗುಂಪಿನ ಬಿಸಿ ಅನಿಲದಲ್ಲಿ ಒತ್ತಡದ ಅಲೆಗಳಿರುವುದನ್ನು 'ಚಂದ್ರ' ಎಂಬ ಹೆಸರಿನ ಎಕ್ಸ್-ರೇ ದೂರದರ್ಶಕ ಕಂಡಿತು, 2003ರಲ್ಲಿ ಅದು ಸುದ್ದಿಯಾಯಿತು. ಒಂದು ಅಲೆ ಮುಗಿಯಲು ಸುಮಾರು ಒಂದು ಕೋಟಿ ವರ್ಷ. ಕಿವಿಗೆ ಕೇಳುವಂಥದ್ದಲ್ಲ ಬಿಡಿ. ಅನಿಲ ಇದೆ, ಹಾಗಾಗಿ ಒತ್ತೊತ್ತಿಗೆ ಅರ್ಥ ಇದೆ, ಹಾಗಾಗಿ ಅಲೆ ಇದೆ.

ಪ್ರಯೋಗ ಮುಗಿಸುವಾಗ ಅವಸರ ಬೇಡ. ಜಾರಿನ ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿದಿರಲ್ಲ, ಆಗಲೇ ಪಂಪಿನ ಕಡೆಯ ಕೊಳವೆಗೆ ಗಾಳಿ ಬಿಡಬೇಕು. ಇಲ್ಲದಿದ್ದರೆ ಪಂಪಿನ ಎಣ್ಣೆ ಕೊಳವೆಯೊಳಗೆ ಏರಿ ಬರುತ್ತದೆ, ಅದನ್ನು ತೊಳೆಯುವ ಕಷ್ಟ ನನಗೆ ಗೊತ್ತು. ಆಮೇಲೆ ಬೆಲ್ ಮತ್ತೆ ಒಳಗಿದ್ದಾಗ ಜಾರಿನ ವಾಲ್ವನ್ನು ಎಳೆಯಷ್ಟು ತೆರೆಯಿರಿ. ಗುಂಡಿ ಒತ್ತುವವರು ಒತ್ತುತ್ತಲೇ ಇರಲಿ. ಗಾಳಿ ಸುಯ್ ಅಂತ ಒಳನುಗ್ಗುತ್ತದೆ, ಸದ್ದು ದೂರದಿಂದ ನಡೆದು ಬಂದಂತೆ ಹತ್ತಿರವಾಗುತ್ತದೆ. ದೀಪದ ಕಡೆ ಒಂದು ಕಣ್ಣಿಡಿ. ಅದು ಮೊದಲು ಹೇಗಿತ್ತೋ ಹಾಗೇ ಮಿನುಗುತ್ತಿರುತ್ತದೆ.